ಚಪ್ಪಾಳೆ ಬಿದ್ದ ಮೇಲೆ

2003ರಲ್ಲಿ ನಾನು ಮಣಿಪಾಲದ ಒಂದು ಸಣ್ಣ ಕಚೇರಿಯಲ್ಲಿ ಪ್ರೆಸೆಂಟೇಶನ್ ಡಿಸೈನರ್ ಆಗಿದ್ದೆ. ಡಾಕ್ಟರುಗಳಿಗೆ, ಮೇಷ್ಟ್ರುಗಳಿಗೆ, ಕೆಲವೊಮ್ಮೆ ಸಂಘ ಸಂಸ್ಥೆಗಳಿಗೆ ಸ್ಲೈಡ್ ಮಾಡಿಕೊಡುವುದು ಕೆಲಸ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಹುಚ್ಚು ಹಿಡಿಸಿಕೊಂಡವಳು ನಾನು. ಸರಿಯಾದ ವಾದಕ್ಕೆ ಸೋಲಿಲ್ಲ ಎಂದು ಆಗ ನಂಬಿದ್ದೆ. ಈಗ ನಂಬುವುದಿಲ್ಲ. ಯಾಕೆಂದು ಹೇಳುತ್ತೇನೆ.

ಕಾರ್ಕಳದಲ್ಲಿ ಒಂದು ಟ್ರಸ್ಟಿನ ಕಟ್ಟಡ. ಮುಂದೆ ಮದುವೆ ಹಾಲ್, ಹಿಂದಿನ ದೊಡ್ಡ ಕೋಣೆಯಲ್ಲಿ ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಕೇಂದ್ರ. ನಡೆಸುತ್ತಿದ್ದವರು ಶಾಲಿನಿ ಮೇಡಂ, ಸ್ಪೀಚ್ ಥೆರಪಿಸ್ಟ್. ಟ್ರಸ್ಟಿನವರು ಆ ಕೋಣೆಯನ್ನು ಊಟದ ಹಾಲ್ ಮಾಡುತ್ತಾರೆ ಎಂಬ ಸುದ್ದಿ ಬಂದಾಗ ಅವರು ಸಮಿತಿಯ ಮುಂದೆ ಮಾತಾಡಲು ಅವಕಾಶ ಕೇಳಿ ಪಡೆದರು. ಸ್ಲೈಡ್ ಮಾಡಿ, ಮಾತಾಡಿಯೂ ಕೊಡಬೇಕೆಂದು ನನ್ನಲ್ಲಿಗೆ ಬಂದರು.

ಕೇಂದ್ರ ನೋಡಲು ಹೋದ ದಿನ ರೇಣುಕಾ ಸಿಕ್ಕಿದಳು. ನಾಲ್ಕು ವರ್ಷದ ಹುಡುಗಿ, ಎರಡೂ ಕಿವಿಗೆ ಯಂತ್ರ. ತಾಯಿ ಗಂಗವ್ವ ಬಾಗಲಕೋಟೆ ಕಡೆಯವರು, ಅಲ್ಲೇ ಹತ್ತಿರ ಕಟ್ಟಡದ ಕೆಲಸ, ಶೆಡ್ಡಿನಲ್ಲಿ ವಾಸ. ಶಾಲಿನಿ ಮೇಡಂ ಮಗುವಿನ ಬೆನ್ನ ಹಿಂದೆ ನಿಂತು ಡೋಲು ಬಡಿಯುವರು. ಕೇಳಿಸಿದರೆ ಅವಳು ಕೈ ಎತ್ತಬೇಕು. ಎತ್ತಿದ ಕೂಡಲೇ ಎದುರು ಬಂದು "ಶಾಭಾಸ್!" ಎನ್ನಬೇಕು. ಅದು ನಿಯಮ. ಶಾಭಾಸ್ ಬರುವವರೆಗೆ ರೇಣುಕಾ ಕೈ ಇಳಿಸುತ್ತಿರಲಿಲ್ಲ.

"ಮಣಿಪಾಲದಲ್ಲಿಯೂ ಇಂಥ ತರಬೇತಿ ಉಂಟಲ್ವಾ?" ಎಂದೆ. ಎದುರಾಳಿ ಕೇಳುವುದನ್ನು ನಾನೇ ಮೊದಲು ಕೇಳುವುದು ನನ್ನ ಅಭ್ಯಾಸ.

"ಉಂಟು. ದಿನಾ ಮಗುವನ್ನು ಕರೆದುಕೊಂಡು ಬಸ್ಸು ಹತ್ತಿದರೆ ಗಂಗವ್ವನಿಗೆ ಕೆಲಸ ಇರುವುದಿಲ್ಲ. ಇಲ್ಲಿ ಮುಚ್ಚಿದರೆ ಇವಳ ಮಾತು ಇಷ್ಟಕ್ಕೇ ನಿಲ್ಲುತ್ತದೆ. ಈ ವಯಸ್ಸು ದಾಟಿದರೆ ಮತ್ತೆ ಬಹಳ ಕಷ್ಟ," ಎಂದರು.

ಸಭಿಕರನ್ನು ಅರಿತು ಸ್ಲೈಡ್ ಮಾಡು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ವಿಚಾರಿಸಿದೆ. ಅಧ್ಯಕ್ಷರು ನಿವೃತ್ತ ಹೆಡ್ಮಾಸ್ಟರು, ಹವ್ಯಾಸಿ ಅರ್ಥಧಾರಿ. ಅಂದರೆ ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತು, ಪಾತ್ರವಾಗಿ ವಾದಿಸುವವರು. ಸಮಿತಿಯ ಉಳಿದವರೂ ಅವರ ಕೂಟದ ಕಾಯಂ ಶ್ರೋತೃಗಳು. ನನಗೆ ಖುಷಿಯೋ ಖುಷಿ. ವಾದದ ರುಚಿ ಗೊತ್ತಿರುವ ಸಭೆ ಇದಕ್ಕಿಂತ ಎಲ್ಲಿ ಸಿಗಬೇಕು?

ಶಾಲಿನಿ ಮೇಡಂಗೆ ಆಡಿಯೋಗ್ರಾಂ ಹಾಕಬೇಕೆಂದಿತ್ತು. ಕಿವಿ ಎಷ್ಟು ಮೆಲ್ಲಗಿನ ಶಬ್ದ ಹಿಡಿಯುತ್ತದೆ ಎಂದು ತೋರಿಸುವ ಗ್ರಾಫ್ ಅದು. ತೆಗೆಸಿದೆ. ಒಂದು ಸ್ಲೈಡಿಗೆ ಒಂದೇ ವಾಕ್ಯ, ಹಿಂದಿನ ಬೆಂಚಿಗೂ ಕಾಣುವ ಅಕ್ಷರ. ಮೊದಲ ಸ್ಲೈಡಿನಲ್ಲಿ ಟ್ರಸ್ಟಿನವರದ್ದೇ ವಾದ: "ಕೆಲವೇ ಮಕ್ಕಳಿಗಾಗಿ ಇಡೀ ಕೋಣೆ ಯಾಕೆ?" ನಂತರ ಒಂದೊಂದಾಗಿ ಉತ್ತರ. ನಡುವೆ ಪರದೆಯನ್ನು ಪೂರ್ತಿ ಕಪ್ಪು ಮಾಡಿ ಬರೀ ಮಾತು. ಆಗ ಕನ್ನಡ ಫಾಂಟ್ ಬೇರೆಯವರ ಕಂಪ್ಯೂಟರಿಗೆ ಹೋದರೆ ಚೌಕ ಚೌಕವಾಗಿ ಕಾಣುತ್ತಿತ್ತು. ಹಾಗಾಗಿ ಕಚೇರಿಯ ಲ್ಯಾಪ್‌ಟಾಪನ್ನೇ ಪ್ರೊಜೆಕ್ಟರ್ ಜೊತೆ ಕಾರಿನಲ್ಲಿ ಹಾಕಿಕೊಂಡು ಹೋದೆವು.

"ರೇಣುಕಾಳನ್ನು ಒಳಗೆ ಕೂರಿಸುವಾ?" ಎಂದು ಮೇಡಂ ಕೇಳಿದರು.

"ಬೇಡ ಮೇಡಂ. ಮಗುವನ್ನು ತೋರಿಸಿ ಕೇಳಿದರೆ ಅದು ಭಿಕ್ಷೆ ಆಗುತ್ತದೆ." ತಾಯಿ ಮಗಳು ಹೊರಗೆ ಜಗಲಿಯ ಬೆಂಚಿನಲ್ಲಿ ಕುಳಿತರು.

ಸಭೆ ನಾನೆಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಅರ್ಧದಲ್ಲೇ ಅಧ್ಯಕ್ಷರು ಕುರ್ಚಿಯಲ್ಲಿ ಮುಂದೆ ಸರಿದು, ಶಾಲು ಸರಿಮಾಡಿಕೊಂಡು, ಎದುರು ಪಾತ್ರವನ್ನೇ ಹಿಡಿದರು.

"ಹಾಗಾದರೆ ಬಡವರ ಮನೆಯ ಮದುವೆಗೆ ಹಾಲ್ ಬೇಡವೋ? ಹೆಣ್ಣು ಹೆತ್ತ ಅಪ್ಪನಿಗೆ ನಿನ್ನ ಉತ್ತರ ಎಂತ?"

"ಮದುವೆಗೆ ಇನ್ನೊಂದು ಮುಹೂರ್ತ ಸಿಗುತ್ತದೆ ಸರ್. ಮಾತು ಕಲಿಯುವ ವಯಸ್ಸಿಗೆ ಇನ್ನೊಂದು ಮುಹೂರ್ತ ಇಟ್ಟುಕೊಡುವ ಜೋಯಿಸರು ಕಾರ್ಕಳದಲ್ಲಿ ಇದ್ದರೆ ಹೇಳಿ, ಈಗಲೇ ಪರದೆ ಮಡಚುತ್ತೇನೆ."

"ಆಹಾ!" ಎಂದರು ಯಾರೋ. ಆಮೇಲೆ ಚಪ್ಪಾಳೆ. ಸಮಿತಿಯವರೆಲ್ಲ, ಮೂಲೆಯಲ್ಲಿ ಚಾ ಹಿಡಿದು ನಿಂತವರೂ, ಬಾಗಿಲಿನಾಚೆ ಕೇಳುವ ಹಾಗೆ ತಟ್ಟಿದರು. ಅಧ್ಯಕ್ಷರು ಎದ್ದು ಬಂದು, "ಎಂತ ಮಾತು ಮಾರಾಯ್ತಿ! ನನಗೆ ಮರುಮಾತಿಲ್ಲ. ಮುಂದಿನ ಕೂಟಕ್ಕೆ ನೀನು ಬರಲೇಬೇಕು, ನಿನಗೊಂದು ಪಾತ್ರ ಇಟ್ಟಾಯಿತು," ಎಂದರು.

"ಹಾಗಾದರೆ ಕೋಣೆ ಉಳಿಯಿತಲ್ವಾ ಸರ್?"

ಅವರು ನನ್ನನ್ನು ಪಾಪದ ಹುಡುಗಿಯನ್ನು ನೋಡುವ ಹಾಗೆ ನೋಡಿದರು. "ಅದು ಬೇರೆ ಅಲ್ವಾ ಮಗಾ? ಅದು ಮೊನ್ನೆಯೇ ತೀರ್ಮಾನ ಆಗಿ, ಕಂಟ್ರಾಕ್ಟರಿಗೆ ಹೇಳಿಯೂ ಆಗಿದೆ. ಊಟದ ಹಾಲ್ ಇಲ್ಲದೆ ಈಗ ಮದುವೆಗೆ ಯಾರು ಬುಕ್ ಮಾಡುತ್ತಾರೆ? ನಿನ್ನ ಮಾತಿಗೆ ಮಾತ್ರ ನೂರಕ್ಕೆ ನೂರು."

ಅವರು ಮೋಸ ಮಾಡಲಿಲ್ಲ. ಅದೇ ದೊಡ್ಡ ಸಂಕಟ. ತಾಳಮದ್ದಳೆಯಲ್ಲಿ ಬಾಣ ತಾಗಿ ಬಿದ್ದವನು ಅದನ್ನು ಬಿಟ್ಟವನನ್ನು ಎಷ್ಟೇ ಚೆನ್ನಾಗಿ ಪ್ರಶ್ನಿಸಲಿ, ಕೊನೆಗೆ ಸಾಯಲೇಬೇಕು. ಕಥೆ ಮೊದಲೇ ಬರೆದದ್ದು. ಸಾಯುವವನ ಮಾತಿಗೆ ತಲೆದೂಗಿ ಮನೆಗೆ ಹೋಗುವುದು ಸಹೃದಯರ ಲಕ್ಷಣ. ನಾನು ಅವರಿಗೆ ಒಗ್ಗುವ ಹಾಗೆಯೇ ಸ್ಲೈಡ್ ಮಾಡಿದ್ದೆ. ಅವರು ಅವರಿಗೆ ಒಗ್ಗಿದ ಹಾಗೆಯೇ ಸವಿದರು. ಮಗುವನ್ನು ಒಳಗೆ ಕರೆದಿದ್ದರೆ ಬದಲಾಗುತ್ತಿತ್ತೇ ಎಂದು ಕೇಳುವವರುಂಟು. ಅವಳಿಗೊಂದು ಚಾಕಲೇಟು ಸಿಗುತ್ತಿತ್ತು.

ಹೊರಗೆ ಬಂದಾಗ ಗಂಗವ್ವ ಎದ್ದು ನಿಂತಿದ್ದರು. ಮುಖ ಅರಳಿತ್ತು.

"ಚಪ್ಪಾಳಿ ಭಾಳ ಜೋರ ಬಿತ್ತಲ್ರಿ ಅಕ್ಕಾರ! ಆತಲ್ರಿ ನಮ್ ಕೆಲಸ? ಇಕಿ ನೋಡ್ರಿ, ಗ್ವಾಡಿ ಆಚಿಂದ ಕೇಳಿಸೇತಿ ಇಕಿಗೆ!"

ರೇಣುಕಾ ಬೆಂಚಿನ ಮೇಲೆ ಕೈ ಎತ್ತಿಕೊಂಡು ಕುಳಿತಿದ್ದಳು. ಚಪ್ಪಾಳೆ ನಿಂತು ಎಷ್ಟೋ ಹೊತ್ತಾಗಿತ್ತು. ಕೈ ಇಳಿದಿರಲಿಲ್ಲ.

ಶಾಲಿನಿ ಮೇಡಂ ಅವಳ ಎದುರು ಮೊಣಕಾಲೂರಿ, ಎತ್ತಿದ ಆ ಕೈಯನ್ನು ಹಿಡಿದು, "ಶಾಭಾಸ್," ಎಂದರು. ಆಮೇಲೆ ಗಂಗವ್ವನನ್ನು ಪಕ್ಕಕ್ಕೆ ಕರೆದರು.

ಈಗ ಯಾರು ಸ್ಲೈಡ್ ಮಾಡಿಸಲು ಬಂದರೂ ಮೊದಲು ಕೇಳುತ್ತೇನೆ: "ಸಭೆಯಲ್ಲಿ ಯಾರಿದ್ದಾರೆ ಎನ್ನುವುದು ಆಮೇಲೆ. ಅಲ್ಲಿ ತೀರ್ಮಾನಿಸಲು ಏನಾದರೂ ಬಾಕಿ ಉಂಟಾ?" ಹೆಚ್ಚಿನವರಿಗೆ ಸಿಟ್ಟು ಬರುತ್ತದೆ. ಕೆಲವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಆದರೂ ಸ್ಲೈಡ್ ಬೇಕು ಎನ್ನುತ್ತಾರೆ. ನಾನೂ ಮಾಡಿಕೊಡುತ್ತೇನೆ, ದೊಡ್ಡ ಅಕ್ಷರದಲ್ಲಿ, ಒಂದಕ್ಕೆ ಒಂದೇ ವಾಕ್ಯ. ಚಪ್ಪಾಳೆ ಬೀಳುವಾಗ ಮಾತ್ರ ಬಾಗಿಲಿನ ಕಡೆ ನೋಡುವುದಿಲ್ಲ.