ಸ್ಟೇಷನ್ ಗೋಡೆಯ ಎಣ್ಣೆ ಕಲೆ

ಅದು ಭಾನುವಾರ. ಮಧ್ಯಾಹ್ನ ಮುದ್ದೆ, ಉಪ್ಪುಸಾರು. ಊಟವಾದ ಮೇಲೆ ನನ್ನ ಹೆಂಡತಿ ಜಯಮ್ಮ ಬಾಗಿಲ ಬೆಳಕಿಗೆ ಕೂತು ಇಟ್ಟಿಗೆ ಚೂರನ್ನು ಕುಟ್ಟಿ ಪುಡಿ ಮಾಡುತ್ತಿದ್ದಳು. ನಾನು ಎದುರಿಗೆ ಕೂತು, ಒಂದು ಗೇಣು ಉದ್ದದ ರೈಲ್ವೆ ಸ್ಟೇಷನ್ನಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದೆ. ಅವತ್ತು ಅದಕ್ಕಿಂತ ಹೆಚ್ಚಿನದು ಏನೂ ನಡೆಯಲಿಲ್ಲ.

ಮುಂದೆ ಬರೆಯುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆಗ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ಕೆಲಸದಲ್ಲಿದ್ದೆ. ಮಿಷನ್ನಿನಿಂದ ತಯಾರಾಗಿ ಬಂದ ಪೀಸಿನ ಮೇಲೆ ಕಲೆ, ತುಕ್ಕು ಕಂಡರೆ ಒರೆಸಬೇಕು. ಹೋಗದಿದ್ದರೆ ರಿಜೆಕ್ಟ್ ಮಾಡಬೇಕು. ಅಳತೆಗೆ ಸಿಗದೆ ಇರುವುದು ಯಾವುದೂ ಇಲ್ಲ ಎಂದು ತಿಳಿದಿದ್ದೆ. ಕ್ಯಾಂಟೀನಿನಲ್ಲಿ ಯಾರಾದರೂ ದೆವ್ವದ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ.

ಆ ಸ್ಟೇಷನ್ ಪ್ಲಾಸ್ಟಿಕ್ಕಿನದು. ನಮ್ಮಲ್ಲಿಗೆ ಹೊಸ ಮಿಷನ್ ಕೂರಿಸಲು ಬಂದಿದ್ದ ಜರ್ಮನಿಯ ಎಂಜಿನಿಯರು ಹೋಗುವಾಗ ನನಗೆ ಒಂದು ಡಬ್ಬ ಕೊಟ್ಟುಹೋಗಿದ್ದರು. ಒಳಗೆ ಬಿಡಿಬಿಡಿಯಾದ ಗೋಡೆ, ಕಿಟಕಿ, ಹೆಂಚು, ಒಂದು ಪುಟ್ಟ ಬೆಂಚು. ಅಂಟು ಹಾಕಿ ಜೋಡಿಸಿದರೆ ಸ್ಟೇಷನ್ ಆಗುತ್ತದೆ. ನಾನು ಎರಡೇ ಸಂಜೆಯಲ್ಲಿ ಜೋಡಿಸಿ ಜಯಮ್ಮನ ಮುಂದೆ ಇಟ್ಟೆ.

"ಇದೇನ್ರೀ, ಸೋಪಿನ ಡಬ್ಬ ಇದ್ದಂಗಿದೆ" ಅಂದಳು. "ಜನ ಓಡಾಡೋ ಜಾಗ ಹಿಂಗೆ ಹೊಳೆಯುತ್ತಾ?"

ಅವಳು ಹುಟ್ಟಿ ಬೆಳೆದದ್ದು ಅರಸೀಕೆರೆ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ. ಅವಳ ಅಪ್ಪ ಅಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಅವರು ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಟ್ಟು ಬಂದವಳು ಮತ್ತೆ ಅಲ್ಲಿಗೆ ಹೋಗಿರಲಿಲ್ಲ. ಈ ಪ್ಲಾಸ್ಟಿಕ್ ಕಟ್ಟಡವನ್ನು ಆ ಸ್ಟೇಷನ್ನಿನ ಹಾಗೆ ಮಾಡಿಕೊಡಬೇಕು ಎಂದು ಹಟ ಹಿಡಿದಳು. ನೆನಪು ಅವಳದು, ಕೈಕೆಲಸ ನನ್ನದು. ಉಪ್ಪುಕಾಗದದಿಂದ ಉಜ್ಜಿ ಹೊಳಪು ತೆಗೆದೆ. ಸುಣ್ಣಕ್ಕೆ ಗೋಂದು ಬೆರೆಸಿ ಗೋಡೆಗೆ ಬಳಿದೆ. ಹೆಂಚಿಗೆ ಇಟ್ಟಿಗೆ ಪುಡಿ ತಿಕ್ಕಿದೆ. ಜಯಮ್ಮ ದೀಪದ ಮೇಲೆ ತಟ್ಟೆ ಹಿಡಿದು ಮಸಿ ಕೂಡಿಸಿದಳು. ಅದನ್ನು ನೀರಾಗಿ ಕಲಸಿ ಬಳಿದು ತಕ್ಷಣ ಒರೆಸಿದರೆ, ಗೋಡೆಯಲ್ಲಿ ಅಚ್ಚಾಗಿದ್ದ ಕಲ್ಲಿನ ಸಂದುಗಳಲ್ಲಿ ಮಾತ್ರ ಕಪ್ಪು ಉಳಿಯುತ್ತಿತ್ತು. ಹತ್ತಾರು ವರ್ಷದ ಹೊಗೆ ಕುಡಿದ ಗೋಡೆಯ ಹಾಗೆ ಕಾಣುತ್ತಿತ್ತು.

"ದಿನವೆಲ್ಲ ಕಲೆ ತೆಗೆಯೋನು ಮನೆಗೆ ಬಂದು ಕಲೆ ಹಾಕ್ಬೇಕಾ?" ಅಂದೆ ಆ ಭಾನುವಾರ.

"ಹಾಕಿ, ಪುಣ್ಯ ಬರುತ್ತೆ" ಅಂದಳು. ಬೆಂಚಿನ ಹಿಂದಿನ ಗೋಡೆಯನ್ನು ಬೆರಳಲ್ಲಿ ತೋರಿಸಿದಳು. "ಇಲ್ಲಿ ಬಿಳಿ ಇರೋದನ್ನ ನಾನು ನೋಡೇ ಇಲ್ಲ. ಕೂತೋರೆಲ್ಲ ತಲೆ ಒರಗಿಸಿ ಒರಗಿಸಿ ಎಣ್ಣೆ ಕಲೆ. ಎಷ್ಟು ಜನ ಕೂರ್ತಾರೋ ಅಷ್ಟು ಕಲೆ. ಇದಕ್ಕೆ ನೀವು ಕೈ ಹಾಕ್ಬೇಡಿ, ನಿಮಗೆ ಬರಲ್ಲ. ಸುಣ್ಣ ಒಣಗಲಿ, ನಾಳೆ ನಾನೇ ಹಾಕ್ತೀನಿ."

ಸಂಜೆ ಸುಣ್ಣ ಒಣಗಿತು. ಸ್ಟೇಷನ್ನನ್ನು ಬೆಳಕಿಗೆ ಹಿಡಿದು ಗೋಡೆಗಳನ್ನೆಲ್ಲ ನೋಡಿದೆ. ಬೆಂಚಿನ ಹಿಂದೆ ಬಿಳಿಯಾಗಿತ್ತು. ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಅದರ ಬೀಗದ ಕೈ ಯಾವಾಗಲೂ ನನ್ನ ಉಡಿದಾರದಲ್ಲಿರುತ್ತಿತ್ತು.

ಸೋಮವಾರ ನನಗೆ ಫಸ್ಟ್ ಶಿಫ್ಟ್. ಹತ್ತು ಗಂಟೆಗೆ ಜಯಮ್ಮ ಸೀಮೆಎಣ್ಣೆ ತರಲು ಹೊರಟಿದ್ದಳಂತೆ. ತುಮಕೂರು ರಸ್ತೆ ದಾಟುವಾಗ ಲಾರಿ ಹೊಡೆಯಿತು. ಗೇಟಿನ ವಾಚ್‌ಮನ್ ಬಂದು ಕರೆದಾಗ ನಾನು ಒಂದು ಪೀಸನ್ನು ಒರೆಸುತ್ತಿದ್ದೆ. ಅದನ್ನು ಪೂರ್ತಿ ಒರೆಸಿಟ್ಟು ಎದ್ದೆ ಎಂದು ಜೊತೆಯವರು ಆಮೇಲೆ ಹೇಳಿದರು. ನನಗೆ ನೆನಪಿಲ್ಲ.

ಹನ್ನೊಂದನೇ ದಿನದ ತಿಥಿ ಮುಗಿಯಿತು. ನೆಂಟರು ಹೋದರು. ನನಗೆ ಅಳು ಬರಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ಮಾದನಾಯಕನಹಳ್ಳಿಯಲ್ಲಿ ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಮಾಲೀಕರಾದ ಗೌರಮ್ಮನವರು ಪಕ್ಕದಲ್ಲೇ ಇದ್ದರು. ಅವರು ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದೆ.

ಒಂದು ದಿನ ಶಿಫ್ಟ್ ಮುಗಿಸಿ ಬಂದು, ಮಧ್ಯಾಹ್ನ ಮೂರೂವರೆಗೆ, ಟ್ರಂಕು ತೆಗೆದೆ. ಯಾಕೆ ತೆಗೆದೆನೋ ಗೊತ್ತಿಲ್ಲ. ಸ್ಟೇಷನ್ನನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ತಿರುಗಿಸಿದೆ. ಬೆಂಚಿನ ಹಿಂದೆ, ಸುಣ್ಣದ ಮೇಲೆ, ಮೂರು ಕಲೆ ಕಂಡವು. ಒಂದೊಂದೂ ರಾಗಿ ಕಾಳಿನಷ್ಟು.

ನನ್ನ ಕೈ ತಾನಾಗಿಯೇ ಬಟ್ಟೆ ತೆಗೆದುಕೊಂಡಿತು. ಒರೆಸಿಬಿಟ್ಟೆ. ಎರಡು ಸಲ ಉಜ್ಜಿದೆ, ಹೋಯಿತು. ಮೇಲೆ ಸ್ವಲ್ಪ ಸುಣ್ಣವನ್ನೂ ಹಚ್ಚಿದೆ. ಆಮೇಲೆ ಆ ಬಟ್ಟೆಯಿಂದ ಮೆಂತ್ಯದ ವಾಸನೆ ಬಂತು. ಜಯಮ್ಮ ತಲೆಗೆ ಹಾಕುವ ಕೊಬ್ಬರಿ ಎಣ್ಣೆಗೆ ಮೆಂತ್ಯ ಹಾಕಿ ಕಾಯಿಸುತ್ತಿದ್ದಳು.

ಅಲ್ಲೇ ಕೂತೆ. ಆ ಭಾನುವಾರ ರಾತ್ರಿ ನಾನು ಮಲಗಿದ್ದಾಗ ಬೀಗದ ಕೈ ಬಿಚ್ಚಿಕೊಂಡು ಅವಳೇ ಈ ಕಲೆ ಹಾಕಿಟ್ಟಿರಬಹುದು ಅನ್ನಿಸಿತು. ನಾಳೆ ಎಂದವಳು ನಾಳೆಯವರೆಗೆ ಕಾಯುವವಳಲ್ಲ. ಹಾಗಿದ್ದರೆ ಅದು ಅವಳು ಕೈಯಾರೆ ಮಾಡಿದ ಕೊನೆಯ ಕೆಲಸ. ನಾನು ಅದನ್ನು ಒರೆಸಿ ಹಾಕಿದ್ದೆ. ಸ್ಟೇಷನ್ನನ್ನು ಮತ್ತೆ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬಟ್ಟೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಮಾರನೆಯ ದಿನ ಕೆಲಸಕ್ಕೂ ಅದು ಜೇಬಿನಲ್ಲೇ ಬಂತು.

ಮಾರನೆಯ ಮಧ್ಯಾಹ್ನ ಮತ್ತೆ ಟ್ರಂಕು ತೆಗೆದೆ. ಒರೆಸಿದ ಜಾಗವನ್ನೇ ಇನ್ನೊಮ್ಮೆ ನೋಡಬೇಕಿತ್ತು, ಅಷ್ಟೆ. ಕಲೆಗಳು ಅಲ್ಲೇ ಇದ್ದವು. ಈ ಸಲ ನಾಲ್ಕು.

ಹೊರಗೆ ಬಂದು ಗೌರಮ್ಮನವರನ್ನು ಕೇಳಿದೆ, "ಅಮ್ಮಾ, ಇವತ್ತು ಮನೆ ಒಳಕ್ಕೆ ಯಾರಾದ್ರೂ ಹೋಗಿದ್ರಾ?"

"ಯಾರ್ ಓಗ್ತಾರಪ್ಪ? ನಾನು ಬೆಳಗಿಂದ ಈ ಜಗಲಿ ಬುಟ್ಟು ಎದ್ದಿಲ್ಲ. ನೀನೇ ಬೀಗ ಆಕ್ಕೊಂಡ್ ಓದೆ." ನನ್ನ ಮುಖ ನೋಡಿದರು. "ಏನಾಯ್ತು? ಏನಾದ್ರೂ ಓಗೈತಾ?"

"ಇಲ್ಲಮ್ಮ. ಹೋಗಿಲ್ಲ."

"ಮತ್ತೆ ಅಂಗ್ಯಾಕ್ ನಿಂತಿದ್ದೀಯ, ಬಾ, ಮುದ್ದೆ ಆರೋಯ್ತದೆ."

ಊಟ ಮಾಡಿ ಬಂದು ವರ್ನಿಯರ್ ತೆಗೆದು ಅಳೆದೆ. ಮೂರು ಕಲೆ ಒಂದೇ ಎತ್ತರಕ್ಕಿದ್ದವು. ನಾಲ್ಕನೆಯದು ಒಂದೂವರೆ ಮಿಲಿಮೀಟರ್ ಕೆಳಗಿತ್ತು. ಜಯಮ್ಮ ನನ್ನ ಭುಜದವರೆಗೆ ಬರುತ್ತಿದ್ದಳು. ಇದಕ್ಕೂ ಅದಕ್ಕೂ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ಅಳತೆ ಇದ್ದದ್ದು ಹಾಗೆ.

ಕಾರ್ಖಾನೆಯಲ್ಲಿ ಪೇಂಟಿಂಗ್ ಮಾಡುತ್ತಿದ್ದ ಗೆಳೆಯನೊಬ್ಬನಿಗೆ ಮಾತ್ರ ಹೇಳಿದೆ. "ಪ್ಲಾಸ್ಟಿಕ್ಕು ಬೆವರುತ್ತೆ ಗುರು" ಅಂದ. "ಒಳಗಿನ ಅಂಟು, ಎಣ್ಣೆ ಎಲ್ಲ ಸುಣ್ಣದ ಮೇಲೆ ಕಕ್ಕುತ್ತೆ. ತಲೆ ಕೆಡಿಸ್ಕೋಬೇಡ." ಇರಬಹುದು ಅಂದುಕೊಂಡೆ. ಡಬ್ಬದಲ್ಲಿ ಉಳಿದಿದ್ದ ಚೂರುಗಳನ್ನು ಅದೇ ಅಂಟಿನಿಂದ ಜೋಡಿಸಿ, ಅದೇ ಸುಣ್ಣ ಬಳಿದು, ಅದೇ ಟ್ರಂಕಿನಲ್ಲಿ ಇಟ್ಟು ನೋಡಿದೆ. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಅವು ಬೆವರಲಿಲ್ಲ. ಸ್ಟೇಷನ್ನಿನ ಬೇರೆ ಯಾವ ಗೋಡೆಯೂ ಬೆವರಲಿಲ್ಲ. ನನಗೆ ಬೇಕಾದದ್ದು ಒಂದೇ ಉತ್ತರ, ಮೊದಲ ದಿನ ನಾನು ಒರೆಸಿದ್ದು ಅವಳ ಕೈಯ ಕಲೆಯೋ ಅಲ್ಲವೋ ಎಂಬುದು. ಅವಳದೇ ಎನ್ನಲು ನನ್ನ ಹತ್ತಿರ ಆಧಾರವಿಲ್ಲ. ಅಲ್ಲ ಎನ್ನಲೂ ಇಲ್ಲ. ಈ ನಾಲ್ಕನ್ನೂ ಒರೆಸಿ ಇನ್ನೊಂದು ಸಲ ನೋಡಬಹುದಿತ್ತು. ನಾನು ಒರೆಸಲಿಲ್ಲ. ಮತ್ತೆ ಬಾರದೆ ಹೋದರೆ ಎಂಬ ಭಯ.

ಇದೆಲ್ಲ ಆಗಿ ಬಹಳ ವರ್ಷವಾಯಿತು. ಕಲೆಗಳು ನಾಲ್ಕೇ ಇವೆ, ಹೆಚ್ಚಾಗಿಲ್ಲ. ಬಟ್ಟೆಯ ವಾಸನೆ ಹೋಗಿದೆ. ಅವಳು ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು ಕಟ್ಟಡದ ಉಳಿದ ಕೆಲಸ ಮುಗಿಸಿದೆ. ಅವಳ ಮನೆಯಿದ್ದ ಕ್ವಾರ್ಟರ್ಸಿನ ಕಡೆಗೆ ಮುಖ ಮಾಡಿದ ಗೋಡೆಗೆ ಮಾತ್ರ ಏನೂ ಹಚ್ಚಿಲ್ಲ. ಅದು ಹೇಗಿತ್ತೆಂದು ನಾನು ಕೇಳಿರಲಿಲ್ಲ.