ಬೆಸುಗೆ ಗಟ್ಟಿ ಇತ್ತು

ನನ್ನ ಹೊಟ್ಟೆಪಾಡು ಸೈಕಲ್ ತುಳಿಯುವುದು. ಊರಿಗೆ ಹೋಗಿ, ಸಂತೆ ಮೈದಾನದಲ್ಲಿ ಸುಣ್ಣದ ಗೆರೆಯಿಂದ ದೊಡ್ಡದೊಂದು ದುಂಡು ಹಾಕಿಸಿ, ಅದರೊಳಗೆ ಏಳು ಹಗಲು ಏಳು ರಾತ್ರಿ ಇಳಿಯದೆ ಸುತ್ತುವುದು. ಊಟ, ಸ್ನಾನ, ಕ್ಷೌರ ಎಲ್ಲ ಸೈಕಲ್ ಮೇಲೆಯೇ. ಉಳಿದದ್ದು ಹೇಗೆ ಎಂದು ಜನ ಮುಸಿಮುಸಿ ನಕ್ಕು ಕೇಳುತ್ತಿದ್ದರು. ಒಂದು ಕಡೆ ಮರೆಗೆ ತಟ್ಟಿ ಕಟ್ಟಿರುತ್ತಿದ್ದೆವು, ಅಷ್ಟು ಹೇಳಿದರೆ ಸಾಕು. ಕಾಲು ನೆಲ ಮುಟ್ಟಬಾರದು, ಕಣ್ಣು ಮುಚ್ಚಬಾರದು. ಎರಡೇ ನೇಮ.

ನಮ್ಮ ಕಡೆಯ ಜನ ಇದನ್ನು ಬರೀ ಆಟವೆಂದು ತಿಳಿಯಲಿಲ್ಲ, ವ್ರತವೆಂದು ತಿಳಿದರು. ಐದನೆಯ ದಿನ ಬಂತೆಂದರೆ ಹೆಂಗಸರು ಆರತಿ ತಟ್ಟೆ ಹಿಡಿದು ಬರುತ್ತಿದ್ದರು, ಗಾಲಿಗೆ ಕುಂಕುಮ ಹಚ್ಚುತ್ತಿದ್ದರು. ದೊಡ್ಡವರು ಚಿಕ್ಕವರು ಎಲ್ಲರೂ ನನ್ನನ್ನು ಉಸ್ತಾದ ಎನ್ನುತ್ತಿದ್ದರು. ಹದಿನೆಂಟು ವರ್ಷ ಹೀಗೆ ಕರೆಸಿಕೊಂಡವನಿಗೆ ತಲೆ ತಿರುಗದೆ ಇರುತ್ತದೆಯೇ? ತಿರುಗಿತ್ತು. ನಾನು ಮೊದಲೇ ಸಿಟ್ಟಿನ ಮನುಷ್ಯ. ತಪ್ಪು ನನ್ನದು ಎಂದು ಯಾರ ಎದುರಿಗೂ ಒಪ್ಪಿದವನಲ್ಲ.

ಯುದ್ಧ ನಡೆದಿದ್ದ ವರ್ಷಗಳು. ಸೈಕಲ್ಲಿನ ಸಾಮಾನು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಆಳಂದದ ಆಟಕ್ಕೆ ಎರಡು ದಿನ ಇದೆ ಎನ್ನುವಾಗ ಮುಂದಿನ ಗಾಲಿಯನ್ನು ಹಿಡಿಯುವ ಚಿಮಟಾ ಸೀಳು ಬಿಟ್ಟಿತು. ಆ ಊರ ಕಂಬಾರನ ಹತ್ತಿರ ಒಯ್ದೆ. ನನ್ನ ವಯಸ್ಸಿನವನೇ, ಮಾತು ಕಡಿಮೆ. ಕುಲುಮೆಗೆ ಕೂಡುವ ಮೊದಲು ಸ್ನಾನ ಮಾಡಿ ಬಂದ. ಅರ್ಧ ದಿನ ಕೂತು ಬೆಸುಗೆ ಹಾಕಿ, ಬೆರಳಿನಿಂದ ಬಡಿದು ಸಪ್ಪಳ ಕೇಳಿ, ನನ್ನ ಕೈಗೆ ಕೊಟ್ಟ. ರೊಕ್ಕ ಕೊಡಲು ಹೋದರೆ ತಗೊಳ್ಳಲಿಲ್ಲ.

"ಬ್ಯಾಡ್ರಿ ಉಸ್ತಾದರ. ಏಳು ದಿನ ನೆಲ ಮುಟ್ಟದಾಂವನ ಕಬ್ಬಿಣ ಇದು. ಇದಕ್ಕ ರೊಕ್ಕ ತಗೊಂಡ್ರ ಚಂದ ಕಾಣೂದಿಲ್ಲ" ಎಂದ.

ಆಟ ಶುರುವಾಯಿತು. ಬೇಸಿಗೆ, ಕರಿನೆಲ ಬಿರುಕು ಬಿಟ್ಟಿತ್ತು. ಐದನೆಯ ದಿನದ ಮಧ್ಯಾಹ್ನ ಮೈದಾನದಲ್ಲಿ ಇದ್ದವರು ಹತ್ತು ಹನ್ನೆರಡು ಮಂದಿ, ಅವರೂ ಬೇವಿನ ನೆರಳಿನಲ್ಲಿ ತೂಕಡಿಸುತ್ತಿದ್ದರು. ಸುತ್ತುತ್ತಿದ್ದೆ. ಆಮೇಲೆ ಸುತ್ತುತ್ತಿರಲಿಲ್ಲ, ನಮ್ಮವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಅದು ಕನಸು ಎಂದು ಗೊತ್ತಾಗುವಷ್ಟರಲ್ಲಿ ದುಂಡಿನ ಆಚೆಗಿದ್ದ, ದನಗಳಿಗೆ ನೀರಿಡುವ ಕಲ್ಲಿನ ಬಾನಿಗೆ ಗುದ್ದಿ, ಹಾರಿ ಅದರ ಮೇಲೆಯೇ ಬಿದ್ದಿದ್ದೆ. ಬಲಗಾಲಿನ ಎಲುಬು ಎರಡು ಕಡೆ ಮುರಿದಿತ್ತು, ಹೆಗಲು ಇಳಿದಿತ್ತು.

ಮೊದಲು ಓಡಿ ಬಂದವನು ನನ್ನ ಜೊತೆಗಾರ. ಹಲಗೆ ಬಾರಿಸಿ ಜನ ಕೂಡಿಸುವುದು ಅವನ ಕೆಲಸ. ಕಿವಿಯ ಹತ್ತಿರ ಬಾಗಿ, "ಉಸ್ತಾದ, ನಿದ್ದಿ ಹತ್ತಿತ್ತೇನು?" ಎಂದ.

ಆ ನೋವಿನಲ್ಲೂ ನನಗೆ ಸಿಟ್ಟು ಬಂತು. ಸುತ್ತ ಜನ ಸೇರುತ್ತಿದ್ದರು. ಅವರಿಗೆಲ್ಲ ಕೇಳುವ ಹಾಗೆ ಹೇಳಿದೆ: "ಚಿಮಟಾ ಮುರೀತಲೇ. ಆ ಕಂಬಾರ ಹಾಕಿದ ಬೆಸುಗಿ ಬಿಚ್ಚಿತು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಕಡೆ. ನೆಲಕ್ಕೆ ಹೆಂಡಿರು ಮಕ್ಕಳಿಲ್ಲ.

ಚಿಮಟಾ ಮುರಿದದ್ದು ಹೌದು, ಬಿದ್ದ ಮೇಲೆ ಮುರಿದದ್ದು. ಬೆಸುಗೆಗಿಂತ ಒಂದು ಗೇಣು ಕೆಳಗೆ. ನನ್ನನ್ನು ಚಕ್ಕಡಿಗೆ ಹಾಕುವಾಗ ಅದು ಪಕ್ಕದಲ್ಲೇ ಬಿದ್ದಿತ್ತು, ಕಣ್ಣಾರೆ ನೋಡಿದೆ. ಕಂಬಾರ ಬಂದು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ನನ್ನ ಮುಖ ನೋಡಿದ. ಕೆಳಗಿಟ್ಟು ಹೋದ. ಅವನು ಮರೆಯಾದ ಮೇಲೆ ಜೊತೆಗಾರನಿಗೆ ಹೇಳಿದೆ: "ಆ ದರಿದ್ರ ಕಬ್ಬಿಣ ಬಾವ್ಯಾಗ ಒಗಿ." ಅವನು ಒಗೆದ. ಇದಿಷ್ಟೂ ಕಾಲು ಮುರಿದ ಒಂದು ತಾಸಿನೊಳಗೆ ಮಾಡಿದ್ದು. ನೋವಿಗೆ ಬುದ್ಧಿ ಕೆಟ್ಟಿತ್ತು ಎಂದು ಹೇಳಿಕೊಳ್ಳಲೂ ನನಗೆ ಬಾಯಿಲ್ಲ, ಬುದ್ಧಿ ಚೆನ್ನಾಗಿಯೇ ಓಡಿತ್ತು.

ಅಫಜಲಪುರದ ಕಡೆ ಗೊಬ್ಬೂರಿನಲ್ಲಿ ನಮ್ಮಕ್ಕನ ಮನೆ. ಎಲುಬು ಕಟ್ಟುವ ಮುದುಕನೊಬ್ಬ ಆ ಸೀಮೆಯಲ್ಲಿದ್ದ. ಬಿದಿರ ಸೀಳು ಕಟ್ಟಿ, ಸೊಪ್ಪು ಮೆತ್ತಿ, ಎಂಟು ತಿಂಗಳು ಮಲಗಿಸಿದ. ಎದ್ದ ಮೇಲೆ ಬಲಗಾಲು ಅರ್ಧ ಬೆರಳು ಗಿಡ್ಡವಾಗಿತ್ತು. ಸೈಕಲ್ ಹತ್ತಿದರೆ ನಡುಕ. ಊರೂರಲ್ಲಿ ಉಸ್ತಾದ ಎನಿಸಿಕೊಂಡವನನ್ನು ನಮ್ಮಕ್ಕ ಸೀಟಿನ ಹಿಂದೆ ಹಿಡಿದು ಹೊಲದ ದಾರಿಯಲ್ಲಿ ದೂಡಿಕೊಂಡು ಹೋಗುತ್ತಿದ್ದಳು. ಕಳೆ ತೆಗೆಯುವ ಹೆಂಗಸರು ನಗುತ್ತಿದ್ದರು. "ನಗ್ರೀ ನಗ್ರೀ, ನಮ್ಮ ತಮ್ಮ ಈಗ ಎರಡನೇ ಸಲ ನಡೆಯಾಕ ಕಲಿಯಾಕತ್ತಾನ" ಎಂದು ಅವಳೂ ನಗುತ್ತಿದ್ದಳು. ಆ ನಗೆ ನನಗೆ ಚುಚ್ಚಲಿಲ್ಲ. ಚುಚ್ಚಿದ್ದು ಬೇರೆ.

ಜೊತೆಗಾರ ಒಮ್ಮೆ ನೋಡಲು ಬಂದವನು ಆಳಂದದ ಸುದ್ದಿ ಹೇಳಿದ. ವ್ರತದ ಕಬ್ಬಿಣ ಮುರಿದ ಕೈ ಎಂದು ಆ ಕಂಬಾರನ ಮೇಲೆ ಮಾತು ಬಿದ್ದಿತ್ತಂತೆ. ಮೈಲಿಗೆಯಲ್ಲಿ ಕುಲುಮೆ ಹೊತ್ತಿಸಿದ್ದ ಎಂದರಂತೆ. ಮುಂಗಾರು ಬಿತ್ತನೆಗೆ ಮೊದಲು ಮಣ್ಣಿಗಿಳಿಯುವ ನೇಗಿಲ ಕುಳ ಆ ಕೈಯಿಂದ ಬರಬಾರದು ಎಂದು ರೈತರು ಒಬ್ಬೊಬ್ಬರೇ ಬಿಟ್ಟರು. ಸುಗ್ಗಿಯಲ್ಲಿ ಕಣದಿಂದ ಕಂಬಾರನಿಗೆ ಕೊಡುವ ಜೋಳ ನಿಂತಿತು. ಅಪ್ಪನ ಕಾಲದ ಕುಲುಮೆ ಮುಚ್ಚಿ, ಹೆಂಡತಿ ಮಕ್ಕಳೊಂದಿಗೆ ಅಂದೋಲಾಕ್ಕೆ ಹೋಗಿ, ಎತ್ತುಗಳ ಗೊರಸಿಗೆ ನಾಲು ಬಡಿಯುತ್ತಿದ್ದನಂತೆ.

"ಆಗಬೇಕಾದ್ದೇ ಆತು ಬಿಡು. ನಿನ್ನ ಕಾಲು ಮುರದಾನ" ಎಂದ ಜೊತೆಗಾರ.

ನಾನು ರೊಟ್ಟಿ ಮುರಿದು ಬಾಯಿಗಿಟ್ಟೆ. ಆ ಹೊತ್ತಿಗೆ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಿದ್ದೆ ಮಾಡಿ ಬಿದ್ದ ಉಸ್ತಾದನನ್ನು ಯಾವ ಊರು ಕರೆಯುತ್ತದೆ? ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಅಕ್ಕ ಇನ್ನೊಂದು ರೊಟ್ಟಿ ಹಾಕಿದಳು, ತಿಂದೆ.

ಬಿದ್ದು ಎರಡು ವರ್ಷಕ್ಕೆ ಮತ್ತೆ ಆಟಕ್ಕಿಳಿದೆ. ಜೇವರ್ಗಿಯಲ್ಲಿ. ಅಂದೋಲಾ ಅಲ್ಲೇ ಹತ್ತಿರ ಎಂದು ಗೊತ್ತಿತ್ತು. ಬೇರೆ ಊರು ನೋಡೋಣ ಎಂದು ಜೊತೆಗಾರನಿಗೆ ಹೇಳಿ ನೋಡಿದೆ. ಕರೆದವರು ಅವರೊಬ್ಬರೇ ಎಂದ.

ನಾಲ್ಕು ದಿನ ಕಷ್ಟಪಟ್ಟು ಕಳೆದೆ. ಗಿಡ್ಡ ಕಾಲಿಗೆ ಪೆಡಲು ಪೂರ್ತಿ ಸಿಗುತ್ತಿರಲಿಲ್ಲ, ತೊಡೆ ಬಾತುಕೊಂಡಿತು. ಮೀಸೆಯಲ್ಲಿ ಬಿಳಿ ಬಂದವನು ಹರೆಯದವರ ಆಟಕ್ಕೆ ಯಾಕೆ ಬಂದಾನೆಂದು ಜನ ಮಾತಾಡುವುದು ಕಿವಿಗೆ ಬೀಳುತ್ತಿತ್ತು. ಐದನೆಯ ದಿನ ಮಧ್ಯಾಹ್ನ ಅದೇ ಬಿಸಿಲು, ಅದೇ ಖಾಲಿ ಮೈದಾನ. ಕಣ್ಣು ಎಳೆಯತೊಡಗಿತು. ತಲೆ ಎದೆಗೆ ಬಿತ್ತು.

ಟಣ್ ಎಂದು ಕಬ್ಬಿಣದ ಸಪ್ಪಳ. ಬೆಚ್ಚಿ ಕಣ್ಣು ತೆರೆದೆ. ದುಂಡಿನ ಅಂಚಿಗೆ, ಜಾಲಿ ಮರದ ಕೆಳಗೆ, ಆ ಕಂಬಾರ ಕೂತಿದ್ದ. ಮುಂದೆ ಕಬ್ಬಿಣ ಬಡಿಯುವ ಸಣ್ಣ ಅಡಿಗಲ್ಲು, ಕೈಯಲ್ಲಿ ಸುತ್ತಿಗೆ. ನಾಲು ಬಡಿಯಲು ಬಂದಿರಬೇಕು ಎಂದುಕೊಂಡೆ. ಮುಖ ಆಚೆ ತಿರುಗಿಸಿ ಸುತ್ತಿದೆ. ಮತ್ತೆ ತಲೆ ಬಿತ್ತು. ಮತ್ತೆ ಟಣ್. ನಾಲ್ಕಾರು ಸಲ ಹೀಗಾದ ಮೇಲೆ ಸರಿಯಾಗಿ ನೋಡಿದೆ. ಅವನ ಮುಂದೆ ಎತ್ತೂ ಇರಲಿಲ್ಲ, ಅಡಿಗಲ್ಲಿನ ಮೇಲೆ ನಾಲೂ ಇರಲಿಲ್ಲ. ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದ. ಅದು ಬಾಗಿದಾಗ ಮಾತ್ರ ಸುತ್ತಿಗೆ ಏಳುತ್ತಿತ್ತು.

ಹೊತ್ತು ಇಳಿಯುವ ತನಕ ಬಡಿದ. ಮರುದಿನವೂ ಬಂದ, ಅದರ ಮರುದಿನವೂ ಬಂದ. ನನ್ನ ಮೈಯೆಲ್ಲ ನಾಚಿಕೆಯಾಯಿತು, ಬೇರೆ ಮಾತು ನನಗೆ ಗೊತ್ತಿಲ್ಲ. ಇಳಿದು ಓಡಿಹೋಗೋಣವೆಂದರೆ ಕಾಲು ನೆಲ ಮುಟ್ಟುವ ಹಾಗಿರಲಿಲ್ಲ.

ಏಳನೆಯ ದಿನ ಸಂಜೆ ಮೈದಾನ ತುಂಬಿತು. ಇಳಿಯುವಾಗ ಊರ ಹಿರಿಯರು ಸೈಕಲ್ ಹಿಡಿಯುವುದು ಪದ್ಧತಿ. ಅವರು ಹಾರ ಹಿಡಿದು ನಿಂತಿದ್ದರು, ಆದರೆ ನಾನು ವಾಲುವುದನ್ನು ಮೊದಲು ಕಂಡವನು ಕಂಬಾರ. ಜನರನ್ನು ಸೀಳಿಕೊಂಡು ಬಂದು ಹ್ಯಾಂಡಲ್ ಹಿಡಿದ. ನನ್ನ ಕಿವಿಗಷ್ಟೇ ಕೇಳುವ ಹಾಗೆ ಹೇಳಿದ:

"ಈ ಸಲ ನಿದ್ದಿ ಹತ್ತಲಿಲ್ಲ ನೋಡ್ರಿ."

"ನಿನಗ ಗೊತ್ತಿತ್ತೇನು?" ಎಂದೆ.

"ಮುರದ ಜಾಗ ನೋಡಿದ್ದೆ ಅಲ್ಲರಿ. ಬೆಸುಗಿ ಗಟ್ಟಿ ಇತ್ತು."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಕಾಲು ಮುರದು ಬಿದ್ದಾಂವನ ಜೋಡಿ ಏನು ವಾದ ಮಾಡೂದ್ರಿ. ಎದ್ದ ಮ್ಯಾಲ ನೀವ ಹೇಳ್ತೀರಿ ಅಂತ ತಿಳದಿದ್ದೆ." ಹ್ಯಾಂಡಲ್ ಬಿಡದೆ ಮತ್ತೆ ಹೇಳಿದ: "ಆಳಂದದ ಕಡೆ ಹೋದ್ರ ಒಂದು ಮಾತು ಹೇಳ್ರಿ. ನಮ್ಮಪ್ಪನ ಕುಲುಮಿ ಅಲ್ಲೇ ಅದ."

ಹಲಗೆ ನಿಂತಿತು. ಎರಡು ಮಾತಾಡಿರಿ ಎಂದು ಹಿರಿಯರು ಹೇಳಿದರು. ಅಷ್ಟು ಜನ ನನ್ನ ಬಾಯನ್ನೇ ನೋಡುತ್ತಿದ್ದರು, ಅವನೂ ನೋಡುತ್ತಿದ್ದ. ಎಲ್ಲ ಗುರುವಿನ ದಯೆ ಎಂದೆ. ಕೈ ಮುಗಿದೆ. ಚಪ್ಪಾಳೆ ಬಿತ್ತು. ತಿರುಗಿ ನೋಡುವಷ್ಟರಲ್ಲಿ ಅವನು ತನ್ನ ಅಡಿಗಲ್ಲು ಹೆಗಲಿಗೇರಿಸಿಕೊಂಡು ಹೊರಟಿದ್ದ.

ಹದಿನೈದು ದಿನ ನಿದ್ದೆ ಬರಲಿಲ್ಲ. ನಿದ್ದೆಯಿಂದ ಕೆಟ್ಟವನಿಗೆ ತಕ್ಕ ಶಿಕ್ಷೆಯೇ. ಕಡೆಗೊಂದು ದಿನ ಆಳಂದಕ್ಕೆ ಹೋದೆ. ಮೈದಾನದ ಎದುರಿನ ಚಹಾದಂಗಡಿಯಲ್ಲಿ ಊರ ಹಿರಿಯರು ಕೂತಿದ್ದರು. ಜೇವರ್ಗಿಯ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಎದ್ದು ಜಾಗ ಕೊಟ್ಟರು. ಕೂಡದೆ ನಿಂತೇ ಹೇಳಿದೆ, ನಿದ್ದೆ ಮಾಡಿ ಬಿದ್ದೆ, ಕಂಬಾರನ ತಪ್ಪು ಏನೇನೂ ಇಲ್ಲ, ನಾನು ಹೇಳಿದ್ದು ಸುಳ್ಳು ಎಂದು.

ಎಲ್ಲರಿಗಿಂತ ಹಿರಿಯನೊಬ್ಬ ತಲೆ ಅಲ್ಲಾಡಿಸಿದ. "ಎಂಥಾ ದೊಡ್ಡ ಮನಸ್ಸು ರೀ ನಿಮ್ದು. ನಿಮ್ಮ ಕಾಲು ಮುರದಾಂವನ ಹೆಸರು ಉಳಸಾಕ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡೀರಿ."

"ಖರೇ ಹೇಳಾಕತ್ತೇನಿ. ಮಲಗಿದ್ದೆ ನಾ. ನಿಮಗ ಕಿವಿ ಅದಾವೋ ಇಲ್ಲೋ?" ಎಂದು ಸಿಟ್ಟಾದೆ.

"ವ್ರತ ಹಿಡದಾಂವ ಮಲಗೂದಿಲ್ಲರಿ" ಎಂದು ಇನ್ನೊಬ್ಬ ನಕ್ಕ. "ಇರಲಿ, ಆ ಮುರದ ಚಿಮಟಾ ಎಲ್ಲದ? ಅದನ್ನರೆ ನೋಡೋಣು."

"ಬಾವ್ಯಾಗ ಒಗಸೇನಿ."

"ಛಲೋ ಮಾಡಿದ್ರಿ. ಅಂಥ ಕಬ್ಬಿಣ ಮನ್ಯಾಗ ಇಡಬಾರದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ ಮಾತು ಹೋಗಿರಲಿಲ್ಲ, ಅಲ್ಲೇ ಬೇರು ಬಿಟ್ಟು ಕೂತಿತ್ತು. ಒಬ್ಬರು ಹಾರ ತರಿಸಿದರು. ಒಬ್ಬರು ಬರುವ ಬೇಸಿಗೆಗೆ ಇಲ್ಲಿಯೇ ಆಟ ಹಾಕಬೇಕೆಂದು ಕೈ ಹಿಡಿದರು. ಇನ್ನೂ ಕೂಗಾಡಬಹುದಿತ್ತು. ಅಂದೋಲಾದಿಂದ ಕಂಬಾರನನ್ನು ಕರೆತಂದು ಎದುರಿಗೆ ನಿಲ್ಲಿಸಬಹುದಿತ್ತು. ಕೂತು ಅವರು ಕೊಟ್ಟ ಚಹಾ ಕುಡಿದೆ.

ಬರುವಾಗ ಆ ಕುಲುಮೆಯ ಮುಂದೆಯೇ ದಾರಿ. ಗೋಡೆಗೆ ಯಾರೋ ಸಗಣಿಯ ಕುಳ್ಳು ಬಡಿದಿದ್ದರು. ಹೋಗಿ ಹೇಳಿ ಬಂದೆ, ಯಾರೂ ನಂಬಲಿಲ್ಲ ಎಂದು ಅಂದೋಲಾಕ್ಕೆ ಹೋಗಿ ಅವನಿಗೆ ತಿಳಿಸಬೇಕಿತ್ತು. ಹೋಗಲಿಲ್ಲ. ಬರುವ ಬೇಸಿಗೆಗೆ ಆಳಂದದಲ್ಲಿ ಆಟ ಹಾಕಿದೆ.