ಅಕ್ಕನ ಕೊರಳ ಗ್ರಂಥಿ

ಅಕ್ಕ ಮಗಳ ಜುಟ್ಟು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದಳು. ಎರಡು ಸಲ. ಪಕ್ಕದ ಮನೆಯಾಕೆ ಮೂರು ಎನ್ನುತ್ತಾಳೆ, ಅಕ್ಕ ಒಂದೇ ಎನ್ನುತ್ತಾಳೆ. ನಾನು ಅಲ್ಲೇ ನಿಂತಿದ್ದೆ, ಅಷ್ಟೇ. ಆರು ವರ್ಷದ ಹುಡುಗಿಯ ತಪ್ಪೆಂದರೆ ಚಹಾಕ್ಕೆ ಇನ್ನೊಂದು ಟೋಸ್ಟ್ ಕೇಳಿದ್ದು. ಟೋಸ್ಟ್ ಅಲ್ಲ, ಬನ್ಸ್ ಇದ್ದಿರಬಹುದು. ಹುಬ್ಬಿನಿಂದ ಇಳಿದ ರಕ್ತವನ್ನು ಹುಡುಗಿ ನೆಕ್ಕಿದಳು ಎಂಬುದು ಮಾತ್ರ ಖಂಡಿತ.

ಅಕ್ಕನ ಗಂಡ ಮೀನಿನ ಟ್ರಾಲರ್ ದೋಣಿಯಲ್ಲಿ ದುಡಿಯುವವನು, ತಿಂಗಳಿಗೆ ಎರಡು ದಿನ ಕಂಡರೆ ಹೆಚ್ಚು. ಹಾಗಾಗಿ ಅಕ್ಕ, ಮಗಳು ಹೊನ್ನಾವರದಲ್ಲಿ ನನ್ನ ಮನೆಯಲ್ಲೇ ಇದ್ದರು. ಸುದ್ದಿ ತಿಳಿದು ಅದೇ ಸಂಜೆ ಅವಳ ಅತ್ತೆ ಅಘನಾಶಿನಿ ಊರಿನಿಂದ ಬಂದರು. ಚಪ್ಪಲಿಯನ್ನೂ ಬಿಡದೆ ಒಳಬಂದು ಮೊಮ್ಮಗಳನ್ನು ಎತ್ತಿಕೊಂಡರು.

"ನಿನ್ನ ಕೈ ತಣ್ಣಗಾದ ಮೇಲೆ ಬಾ. ಅಲ್ಲಿವರೆಗೆ ಹುಡುಗಿ ನನ್ನದು."

"ಅದು ನಾ ಹೆತ್ತದ್ದು!"

"ಹೆತ್ತದ್ದು ಹೌದು, ಕೊಲ್ಲುಕೆ ಅಲ್ಲ."

ಅಕ್ಕ ಮೊದಲು ಹೀಗಿರಲಿಲ್ಲ ಎಂದು ಬರೆಯುವುದು ಸುಲಭ. ಆದರೆ ಮೀನು ಮಾರುವ ಅವಳ ಬಾಯಿ ಯಾವತ್ತೂ ಮೆತ್ತಗಿರಲಿಲ್ಲ. ಬದಲಾದದ್ದು ಕೈ. ಆ ವರ್ಷ ಅವಳು ಇಬ್ಬರ ಊಟ ಮಾಡಿಯೂ ಮೈಯಲ್ಲಿ ಅರ್ಧಕ್ಕೆ ಇಳಿದಳು. ಫ್ಯಾನಿನ ಕೆಳಗೂ ಬೆವರುತ್ತಿದ್ದಳು. ಕಣ್ಣುಗಳು ಹೊರಗೆ ದೂಡಿಕೊಂಡು ಬಂದವು. ಪೇಟೆಯಲ್ಲಿ ಗಿರಾಕಿಯೊಬ್ಬ ಬಂಗುಡೆಯ ಕಿವಿರು ಎತ್ತಿ "ಇದು ನಿನ್ನೆದ್ದು" ಎಂದಾಗ ಅದೇ ಮೀನಿನಿಂದ ಅವನ ಕೆನ್ನೆಗೆ ಬಾರಿಸಿದಳು. ಪಕ್ಕದ ಬುಟ್ಟಿಯವಳು ಕೂಗಿದಳು: "ಒಂದು ತಕಂಡ್ರೆ ಒಂದು ಫ್ರೀಯನೇ ಮಾರಾಯ್ತಿ?" ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳ ಕುತ್ತಿಗೆಯ ಮುಂಭಾಗ ಉಬ್ಬಿದ್ದನ್ನು ಮೊದಲು ಕಂಡವಳು ಪಕ್ಕದ ಮನೆಯಾಕೆ. ನಮ್ಮ ಕೇರಿಯಲ್ಲಿ ದೋಣಿ ಬಂದರೆ ಅಕ್ಕಪಕ್ಕದ ಮನೆಗೆ ಒಂದು ಹಿಡಿ ಮೀನು ಹೋಗಲೇಬೇಕು. ಕೊಡದವರನ್ನು ಜನ ಆಡಿಕೊಳ್ಳುತ್ತಾರೆ. ಗುಳಿಗೆಯೂ ಹಾಗೆಯೇ: ಜ್ವರದ್ದು, ಮಂಡಿನೋವಿನದ್ದು, ಯಾರಲ್ಲಿದ್ದರೂ ಅರ್ಧ ಪಟ್ಟಿ ಕತ್ತರಿಸಿ ಪಕ್ಕದ ಮನೆಗೆ. ಪಕ್ಕದ ಮನೆಯಾಕೆ ವರ್ಷಗಳಿಂದ ಥೈರಾಯ್ಡ್ ಗುಳಿಗೆ ನುಂಗುವವಳು.

"ನಂಗೂ ಕುತ್ತಿಗೆ ಹೀಂಗೇ ಆಗಿತ್ತು. ಎಂತ ಹೆದ್ರಬೇಡ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ತಕೊ. ಹೌದೋ ಅಲ್ವೋ ಮಾಸ್ತರೇ?"

ಮಾಸ್ತರ ಎಂದರೆ ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಗ್ರಂಥಿಗಳ ಚಿತ್ರವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ: ಮೆದುಳಿನ ಬುಡದಲ್ಲಿ ಬಟಾಣಿಕಾಳಿನಷ್ಟು ಪಿಟ್ಯುಟರಿ, ಕೊರಳಲ್ಲಿ ಥೈರಾಯ್ಡ್, ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್. ಕುತ್ತಿಗೆ ಊದಿದರೆ ಅಯೋಡಿನ್ ಕೊರತೆ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದವನು ನಾನೇ. ಕೊರತೆ ಇದ್ದರೆ ತುಂಬಿಸಬೇಕು, ಅಷ್ಟೇ ನನ್ನ ವಿಜ್ಞಾನ. ಆಗ ನಾನು ಸುಮ್ಮನೆ ತಲೆಯಾಡಿಸಿದೆ ಎಂದು ನನ್ನ ನೆನಪು. "ನೀನೇ ತಕೊ ಅಂದದ್ದು" ಎನ್ನುತ್ತಾಳೆ ಅಕ್ಕ. ನನ್ನ ನೆನಪು ನನ್ನ ಪರ ವಾದಿಸುವ ವಕೀಲ. ಅಕ್ಕನ ಮಾತನ್ನೇ ನಂಬಿ.

ಹುಡುಗಿಯನ್ನು ಒಯ್ದ ಮೂರನೇ ದಿನ ಅಕ್ಕ ಮೀನು ಕೊಯ್ಯುವ ಕತ್ತಿಯನ್ನು ಚೀಲಕ್ಕೆ ಹಾಕಿ ಹೊರಟಳು.

"ಎಲ್ಲಿಗೆ?"

"ಅಘನಾಶಿನಿಗೆ. ಆ ಮುದುಕಿಯ ಕೈ ಕಡಿದಾದ್ರೂ ಮಗಳನ್ನ ತರ್ತೆ."

ಬಾಗಿಲಿಗೆ ಅಡ್ಡ ನಿಂತೆ. ಅವಳು ಚೀಲದೊಳಗಿಂದಲೇ ಬೀಸಿದಳು. ಚೀಲ ಹರಿಯಿತು, ನನ್ನ ಕೈಯೂ ಹರಿಯಿತು. ಎಡಗೈ ಅಡ್ಡ ಹಿಡಿದೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಗಾಯದ ಗುರುತು ಬಲಗೈಯಲ್ಲಿದೆ. ನೋವೇ ಆಗಲಿಲ್ಲ. ಅಡ್ರಿನಲ್ ಗ್ರಂಥಿ ರಕ್ತಕ್ಕೆ ಸುರಿದದ್ದು ನೋವನ್ನು ಆಚೆ ನಿಲ್ಲಿಸಿ ಸ್ನಾಯುಗಳಿಗೆ ಬಲ ತುಂಬಿತ್ತು. ಆ ಬಲದಲ್ಲಿ ನಾನು ಅವಳನ್ನು ಗೋಡೆಗೆ ಒತ್ತಿ ಹಿಡಿದೆ, ಅವಳ ಕೊರಳನ್ನು. ಅವಳ ಊದಿದ ಗ್ರಂಥಿ ನನ್ನ ಬೆರಳುಗಳ ಅಡಿಯಲ್ಲಿ ದಡದಡ ಬಡಿಯುತ್ತಿತ್ತು. ಬಿಡಲು ಮನಸ್ಸಾಗಲಿಲ್ಲ. ಅವಳು ಕೆಮ್ಮಿದ ಮೇಲೂ ತುಸು ಹೊತ್ತು ಹಿಡಿದಿದ್ದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಕೈಗೆ ಹೊಲಿಗೆ ಹಾಕಿಸಲು ಆಸ್ಪತ್ರೆಗೆ ಹೋದೆವು. ಅಕ್ಕನೇ ಆಟೋ ಹಿಡಿದಳು, ದಾರಿಯುದ್ದಕ್ಕೂ ನನ್ನನ್ನು ಬೈದಳು, ಅತ್ತಳು.

"ಎಂತ ಆತು?" ಡಾಕ್ಟರಮ್ಮ ಕೇಳಿದರು.

"ಮೀನು ಕೊಯ್ಯುವಾಗ ತಾಗಿತು," ಎಂದೆ.

"ತಿರುಗಿ ಕೊಯ್ಯೋ ಮೀನು ಯಾವುದ್ರೀ ಅದು?"

ಹೊಲಿಯುತ್ತಲೇ ಅವರು ಅಕ್ಕನನ್ನು ನೋಡತೊಡಗಿದರು. ದಾರ ಕತ್ತರಿಸಿದ ಮೇಲೆ ನನ್ನನ್ನು ಬಿಟ್ಟು ಅವಳ ನಾಡಿ ಹಿಡಿದರು. "ನಿಮ್ಮ ಕೈ ಗುಣ ಆಗ್ತದೆ. ಇವರ ಕುತ್ತಿಗೆ ಎಷ್ಟು ದಿನದಿಂದ ಹೀಗುಂಟು? ಯಾವ ಗುಳಿಗೆ ತಗೊಳ್ತಾ ಇದ್ದಾರೆ?"

ಅಕ್ಕ ರವಿಕೆಯೊಳಗಿನ ಪರ್ಸಿನಿಂದ ಕತ್ತರಿಸಿದ ಪಟ್ಟಿ ತೆಗೆದಳು. ಡಾಕ್ಟರಮ್ಮ ಅದನ್ನು ಕಸದ ಡಬ್ಬಿಗೆ ಎಸೆದರು.

ರಕ್ತದ ರಿಪೋರ್ಟು ಬಂದ ಮೇಲೆ ಅವರು ಬಿಡಿಸಿ ಹೇಳಿದರು. ಥೈರಾಯ್ಡಿನ ಹಾರ್ಮೋನು ಮೈಯ ಪ್ರತಿ ಜೀವಕೋಶವೂ ಎಷ್ಟು ವೇಗವಾಗಿ ಉರಿಯಬೇಕೆಂದು ನಿರ್ಧರಿಸುತ್ತದೆ. ಅದು ಹೆಚ್ಚಾದರೆ ಪಿಟ್ಯುಟರಿ ತನ್ನ ಆಜ್ಞೆ ನಿಲ್ಲಿಸುತ್ತದೆ, ಗ್ರಂಥಿ ತಣ್ಣಗಾಗುತ್ತದೆ. ಅಕ್ಕನಲ್ಲಿ ಪಿಟ್ಯುಟರಿ ಎಂದೋ ಬಾಯಿ ಮುಚ್ಚಿತ್ತು. ಆದರೆ ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ದಾರಿ ತಪ್ಪಿ ಒಂದು ಸುಳ್ಳು ಆಜ್ಞೆಯನ್ನು ತಯಾರಿಸಿ ಕೊರಳಿಗೆ ಕಳಿಸುತ್ತಿದ್ದವು. ಗ್ರಂಥಿ ಅದನ್ನು ನಂಬಿ ಸುರಿಯುತ್ತಲೇ ಇತ್ತು. ಕೊರತೆಯಿಂದಲೂ ಕುತ್ತಿಗೆ ಊದುತ್ತದೆ, ಅತಿಯಾದರೂ ಊದುತ್ತದೆ. ನಾವು ಉರಿಯುವ ಮನೆಗೆ ದಿನಾ ಬೆಳಿಗ್ಗೆ ಸೀಮೆಎಣ್ಣೆ ಹಾಕಿದ್ದೆವು.

ಪಕ್ಕದ ಮನೆಯಾಕೆ ಬಾಗಿಲಲ್ಲೇ ಕುಸಿದು ಕೂತಳು. "ನಾ ಒಳ್ಳೇದಕ್ಕೇ ಕೊಟ್ಟದ್ದು ಮಾಸ್ತರೇ." ನಾನೂ ಒಳ್ಳೆಯದಕ್ಕೇ ತಲೆಯಾಡಿಸಿದ್ದು.

ಹೊಸ ಗುಳಿಗೆಗಳಿಂದ ಅಕ್ಕನ ಬೆವರೂ ಸಿಟ್ಟೂ ಮೆಲ್ಲಗೆ ಇಳಿದವು. ಕೆಲವು ತಿಂಗಳ ಮೇಲೆ ಡಾಕ್ಟರಮ್ಮ "ಈಗ ಅಡ್ಡಿಲ್ಲ" ಎಂದ ದಿನವೇ ಅಕ್ಕ ಮಗಳಿಗೆ ಹೊಸ ಫ್ರಾಕು ಕೊಂಡಳು. ಕುಮಟಾದಲ್ಲಿ ಬಸ್ಸು ಬದಲಿಸಿ ಇಬ್ಬರೂ ಅಘನಾಶಿನಿಗೆ ಹೋದೆವು.

ಅಜ್ಜಿಯೂ ಮೊಮ್ಮಗಳೂ ಅಂಗಳದಲ್ಲಿ ಚಿಪ್ಪುಮೀನು ಆರಿಸುತ್ತಿದ್ದರು. ಅಕ್ಕ ಹತ್ತಿರ ಹೋಗಿ ಮಗಳ ಕೂದಲು ಸವರಲು ಕೈ ಎತ್ತಿದಳು. ಹುಡುಗಿ ಎರಡೂ ತೋಳು ತಲೆಯ ಮೇಲೆ ಅಡ್ಡ ಹಿಡಿದು ನೆಲಕ್ಕೆ ಕುಕ್ಕರಿಸಿದಳು. ಅಳಲಿಲ್ಲ. ಪಾದದ ಸುತ್ತ ಮಣ್ಣು ಒದ್ದೆಯಾಯಿತು. ಅಷ್ಟು ಪುಟ್ಟ ಮೈಯೊಳಗೆ ಎರಡು ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ಚೆನ್ನಾಗಿ ಕಲಿತಿದ್ದವು.

ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅವಳು ಜಗಲಿಗೆ ಬಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತಳು.

"ಈಗ ಕೈ ತಣ್ಣಗಾತು ಅಂಬ್ರು. ಕರ್ಕಂಡು ಹೋಗ್ತ್ಯನೇ?" ಅತ್ತೆ ಕೇಳಿದರು.

"ಬ್ಯಾಡ. ಅವ್ಳು ಇಲ್ಲೇ ಇರ್ಲಿ. ನಾ ಆದಿತ್ಯವಾರ ಬತ್ತೆ."

ಹೋಗುತ್ತಾಳೆ. ಪ್ರತಿ ವಾರ ಅದೇ ಜಗಲಿ, ಕೈಗಳು ತೊಡೆಯ ಕೆಳಗೆ. ಕಳೆದ ವಾರ ಹುಡುಗಿ ತಾನಾಗಿ ಬಂದು ಒಂದು ಮಾರು ದೂರದಲ್ಲಿ ಕೂತಳಂತೆ. ನಾನು ಅಲ್ಲಿರಲಿಲ್ಲ. ಅಕ್ಕ ಹೇಳಿದ್ದು.